ಉಪ್ಪು ಬಿಟ್ಟವನಿಗೆ ಊರಿನ ಸಮಾಧಾನ

ಕಾಯಿಲೆ ಬಿದ್ದವನನ್ನು ಖುಷಿಯಾಗಿಡಬೇಕು ಎಂದು ಊರು ಒಂದು ಸಲ ತೀರ್ಮಾನ ಮಾಡಿಬಿಟ್ಟರೆ ಅವನನ್ನು ದೇವರೂ ಕಾಪಾಡಲಾರ. ಇದು ಅಂದೂ ನಡೆಯಿತು, ಇಂದೂ ನಡೆಯುತ್ತಿದೆ. ಮೊನ್ನೆ ಪರಿಚಯದವರೊಬ್ಬರು ಡಯಾಲಿಸಿಸ್ ಮಾಡಿಸಿಕೊಂಡು ಮನೆಗೆ ಬಂದಿದ್ದಾರೆಂದು ನೋಡಲು ಹೋಗಿದ್ದೆ. ನಾನು ಅಲ್ಲಿ ಕೂತಿದ್ದಷ್ಟು ಹೊತ್ತಿನಲ್ಲೇ ಮೂರು ಜನ ಬಂದು, "ನೀವು ಧೈರ್ಯವಾಗಿರ್ಬೇಕು" ಎಂದು ಹೇಳಿ, ಅವರಲ್ಲಿದ್ದ ಅಷ್ಟಿಷ್ಟು ಧೈರ್ಯವನ್ನೂ ತೆಗೆದುಕೊಂಡು ಹೋದರು. "ಸೂಜಿ ತಡ್ಕೋಬಹುದು ಮಾರಾಯ್ರೆ, ಇವ್ರನ್ನ ತಡ್ಕೊಳ್ಳೋದು ಹೇಗೆ?" ಎಂದು ಅವರು ನನ್ನನ್ನು ಕೇಳಿದರು. ಉಪಾಯ ನನಗೂ ಗೊತ್ತಿರಲಿಲ್ಲ. ಆದರೆ ಹೇಳಲು ನನ್ನದೇ ಒಂದಿಷ್ಟು ಕಥೆಗಳಿದ್ದವು. ಅರವತ್ತರ ದಶಕದಲ್ಲಿ ರಿಪ್ಪನ್‌ಪೇಟೆಯಲ್ಲಿ ನಾನು ಬಸ್ ಏಜೆಂಟನಾಗಿದ್ದಾಗ ನನ್ನ ಎರಡೂ ಮೂತ್ರಪಿಂಡಗಳು ಮಾತಾಡಿಕೊಂಡು ಒಂದಷ್ಟು ತಿಂಗಳು ಕೆಲಸ ನಿಲ್ಲಿಸಿದ ಕಾಲದವು. ಅದನ್ನೇ ಇಲ್ಲಿಯೂ ಹೇಳುತ್ತೇನೆ.

ಮೂರನೇ ಔಷಧಿ

ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಣ್ಣಿನ ಸುತ್ತ ಊದಿಕೊಂಡಿದೆ, ಪಾದ ಚಪ್ಪಲಿಯೊಳಗೆ ಹೋಗುವುದಿಲ್ಲ. ನಾನು ದಪ್ಪ ಆಗಿದ್ದೇನೆ ಎಂದುಕೊಂಡ ನನ್ನ ಹೆಂಡತಿ, ಅದು ತನ್ನ ಕೈಯಡುಗೆಯ ಗುಣ ಎಂದು ಎರಡು ದಿನ ಅಕ್ಕಪಕ್ಕದಲ್ಲಿ ಹೇಳಿಕೊಂಡು ಬಂದಳು. ಮೂರನೇ ದಿನ ಮುಖವೂ ಊದಿದಾಗ ಹೆದರಿ, ನನ್ನನ್ನು ಸಾಗರದ ಬಸ್ಸಿಗೆ ಹತ್ತಿಸಿಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಆದರೆ ಅವರು ನಕ್ಕಿದ್ದನ್ನು ಸಾಗರದಲ್ಲಿ ಯಾರೂ ನೋಡಿರಲಿಲ್ಲ. ಕಾಲನ್ನು ಹೆಬ್ಬೆರಳಿನಲ್ಲಿ ಒತ್ತಿ, ಬಿದ್ದ ಗುಳಿಯನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಒಂದು, ಉಪ್ಪು ಪೂರ್ತಿ ಬಂದ್. ಎರಡು, ನೀರು ದಿನಕ್ಕೆ ಒಂದೇ ಚೊಂಬು. ಕಾಫಿ, ಮಜ್ಜಿಗೆ ಎಲ್ಲ ಆ ಲೆಕ್ಕದಲ್ಲೇ. ಮೂರು, ಮನಸ್ಸು ಗೆಲುವಾಗಿರ್ಬೇಕು. ಇದು ಮುಖ್ಯ."

"ಗುಣ ಆಗುತ್ತಾ ಡಾಕ್ಟ್ರೇ?"

"ಹೊರದೇಶದಲ್ಲಿ ರಕ್ತಾನ ಹೊರಗೆ ತೆಗೆದು, ತೊಳೆದು, ವಾಪಸ್ ಮೈಯೊಳಗೆ ಬಿಡೋ ಮಿಷನ್ ಬಂದಿದೆ. ನಾನು ಚಿತ್ರ ನೋಡಿದ್ದೀನಿ. ಅದು ಸಾಗರಕ್ಕೆ ಬರೋ ಹೊತ್ತಿಗೆ ನೀವೂ ಇರಲ್ಲ, ನಾನೂ ಇರಲ್ಲ. ಅದಕ್ಕೇ ಗೆಲುವಾಗಿರಿ ಅಂದಿದ್ದು."

ಆಮೇಲೆ ನನ್ನನ್ನು ಹೊರಗೆ ಕೂರಿಸಿ ಹೆಂಡತಿಯನ್ನು ಒಳಗೆ ಕರೆದರು. ಅವಳು ಹೊರಗೆ ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಬಸ್ಸು ಆನಂದಪುರ ದಾಟುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. "ಎಂತ ಹೇಳಿದ್ರು, ಹೇಳು ಮಾರಾಯ್ತಿ. ನಾನೇನು ಹೆದರಲ್ಲ" ಎಂದು ನಾನು ಮತ್ತೆ ಮತ್ತೆ ಕೇಳಿದ ಮೇಲೆ ಗಟ್ಟಿಯಾಗಿ ಅತ್ತೇಬಿಟ್ಟಳು.

"ನಿಮ್ಮನ್ನ ನಗಿಸ್ತಾ ಇರ್ಬೇಕಂತೆ!"

ನೋಡಲು ಬಂದವರು

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗುವುದು ಮದುವೆಗೆ ಹೋಗುವುದಕ್ಕಿಂತ ದೊಡ್ಡ ಕರ್ತವ್ಯ. ಮದುವೆಗೆ ಕರೆಯದಿದ್ದರೆ ಬರುವುದಿಲ್ಲ, ಇದಕ್ಕೆ ಕರೆಯುವುದೇ ಬೇಡ. ನಾನು ಹಾಸಿಗೆ ಹಿಡಿದು ಮಲಗಿದ್ದ ಆ ಮೊದಲ ತಿಂಗಳಿನಲ್ಲಿ ಜಗುಲಿಯ ಚಾಪೆ ಮಡಚಿಡಲು ಪುರುಸೊತ್ತು ಸಿಗಲಿಲ್ಲ.

ಮೊದಲು ಬಂದವರು ಸಾಗರದ ಕಡೆಯ ಒಬ್ಬ ಭಟ್ಟರು. ನನ್ನ ಬಸ್ಸಿನ ಹಳೆಯ ಪ್ರಯಾಣಿಕರು, ವಯಸ್ಸಾದವರು. ಹತ್ತಿರ ಬಂದು ನನ್ನ ಭುಜ ತಟ್ಟಿದರು.

"ತಮಾ, ಹೆದ್ರಡ. ಎಂಗಳ ಭಾವಂಗೂ ಇದೇ ಕಾಯಿಲೆ ಆಗಿತ್ತು."

ನನಗೆ ಜೀವ ಬಂದ ಹಾಗಾಯಿತು. "ಹೌದಾ? ಈಗ ಹೇಗಿದ್ದಾರೆ?"

"ಈಗ ಎಲ್ಲಿದ್ದ? ಹೋಗಿ ಎರಡು ವರ್ಷ ಆತು. ಆದ್ರೆ ಕಡೇವರೆಗೂ ಹೆದ್ರಿದ್ನಿಲ್ಲೆ!"

ಅದಾದ ಮೇಲೆ ಹೊಸನಗರದಿಂದ ಒಬ್ಬರು ಬಂದರು. ದಾರಿಯಲ್ಲಿ ಬಿಸಿಲು ಬಹಳ ಎಂದು ಉಸ್ಸೆಂದು ಕೂತರು. ನನ್ನ ತಲೆಯ ಹತ್ತಿರ ಅವತ್ತಿನ ನೀರಿನ ಚೊಂಬು ಇತ್ತು. ಬೆಳಗ್ಗೆಯಿಂದ ಒಂದೊಂದೇ ಗುಟುಕು ಕುಡಿದು, ಸಂಜೆಗೆಂದು ಮುಕ್ಕಾಲು ಉಳಿಸಿಕೊಂಡಿದ್ದೆ. ಅವರು ಮಾತಾಡುತ್ತಾ ಅದನ್ನು ಎತ್ತಿ, ಕತ್ತು ಹಿಂದಕ್ಕೆ ವಾಲಿಸಿ, ಗಟಗಟ ಎಂದು ಪೂರ್ತಿ ಇಳಿಸಿ ಕೆಳಗಿಟ್ಟರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಮೀಸೆ ಒರೆಸಿಕೊಂಡು ಅವರು ನನಗೆ ಹೇಳಿದ್ದು: "ನೀರಿನ ಮೇಲೆ ಆಸೆ ಇಟ್ಕೋಬಾರ್ದು ಏಜೆಂಟ್ರೆ. ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಬಾಯಾರಿಕೆ ಅನ್ನೋದೇ ಇಲ್ಲ."

ಇವರಿಬ್ಬರನ್ನೂ ಕ್ಷಮಿಸಬಹುದು. ಮೂರನೆಯವರು ನಿವೃತ್ತ ಹೆಡ್‌ಮಾಸ್ಟರು, ನಮ್ಮೂರ ವಾಚನಾಲಯದ ಅಧ್ಯಕ್ಷರು. ಊರಿನಲ್ಲಿ ಯಾರು ಸತ್ತರೂ ವಾಚನಾಲಯದಲ್ಲಿ ಸಂತಾಪ ಸಭೆ ಕರೆದು, ಮೇಜಿನ ಮೇಲಿನ ಹಿತ್ತಾಳೆ ಗಂಟೆ ಬಾರಿಸಿ, ಮುಕ್ಕಾಲು ಗಂಟೆ ಮಾತಾಡುವುದು ಅವರಿಗೆ ಬಲು ಇಷ್ಟ. ಅವರು ಕಾಯಿಲೆಯ ಸುದ್ದಿಯನ್ನೇ ಎತ್ತಲಿಲ್ಲ. "ನೀವು ಹುಟ್ಟಿದ್ದು ಎಲ್ಲಿ? ಎಷ್ಟನೇ ಕ್ಲಾಸಿನವರೆಗೆ ಓದಿದ್ರಿ? ಹವ್ಯಾಸ ಎಂತ? ಯಾರಿಗಾದ್ರೂ ಗುಟ್ಟಾಗಿ ಸಹಾಯ ಮಾಡಿದ್ದು ಇದೆಯಾ?" ಎಂದು ಒಂದೊಂದಾಗಿ ಕೇಳಿದರು. ಅಬ್ಬ, ಇವರೊಬ್ಬರಾದರೂ ನನ್ನನ್ನು ಮನುಷ್ಯ ಎಂದು ನೋಡುತ್ತಿದ್ದಾರಲ್ಲ ಎಂದು ನಾನು ಎದ್ದು ಕೂತು, ಬಾಲ್ಯದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಗುಟ್ಟಾಗಿ ಮಾಡಿದ ಸಹಾಯ ಮಾತ್ರ ಯಾವುದೂ ನೆನಪಿಗೆ ಬರಲಿಲ್ಲ.

ಅವರು ಏಳುತ್ತಾ ಹೇಳಿದರು: "ಪರವಾಗಿಲ್ಲ, ನಿಧಾನವಾಗಿ ನೆನಪು ಮಾಡ್ಕೊಳ್ಳಿ. ಆದ್ರೆ ತೀರಾ ತಡ ಮಾಡ್ಬೇಡಿ."

ಫಿಲ್ಟರ್

ಊತ ಸ್ವಲ್ಪ ಇಳಿದ ಮೇಲೆ ಡಾಕ್ಟರನ್ನು ಕಾಡಿ ಬೇಡಿ ಕೆಲಸಕ್ಕೆ ಬಂದೆ. ಮನೆಯಲ್ಲಿ ಸಾಯುವುದಕ್ಕಿಂತ ಬಸ್ ಸ್ಟ್ಯಾಂಡಿನಲ್ಲಿ ಬದುಕುವುದು ಮೇಲು ಎನಿಸಿತ್ತು. ರಿಪ್ಪನ್‌ಪೇಟೆ ಎಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ಕಡೆಯ ಬಸ್ಸುಗಳೂ ಬಂದು ಮುಖ ತೋರಿಸಿ ಹೋಗುವ ಜಾಗ. ಅಲ್ಲಿ ನಾನು ಟಿಕೆಟ್ ಕೊಡುತ್ತಿದ್ದೆ, ಸೀಟು ಹೊಂದಿಸುತ್ತಿದ್ದೆ, ಜಗಳ ಆಡುತ್ತಿದ್ದೆ. ನಿಜ ಹೇಳಬೇಕೆಂದರೆ ಈ ಮೂರನೆಯದೇ ನನ್ನ ಮುಖ್ಯ ಕೆಲಸವಾಗಿತ್ತು. ಕಿಟಕಿ ಪಕ್ಕದ ಸೀಟಿಗೆ, ಟಾಪಿನ ಮೇಲಿನ ಬಾಳೆಗೊನೆಗೆ, ಅರ್ಧ ಟಿಕೆಟ್ಟಿನ ಮೀಸೆ ಬಂದ ಮಕ್ಕಳಿಗೆ, ದಿನಕ್ಕೆ ಎಷ್ಟು ಜಗಳ ಸಿಗುತ್ತಿದ್ದವು! ಬಾಯಿ ಚಪ್ಪರಿಸಿಕೊಂಡು ಬಂದೆ.

ಬಂದು ನೋಡಿದರೆ ಯಾರೂ ಜಗಳಕ್ಕೇ ಬರುವುದಿಲ್ಲ. "ಬಸ್ಸು ಯಾಕೆ ತಡ?" ಎಂದು ಕೂಗುತ್ತಾ ಬಂದವರು ನನ್ನ ಮುಖ ಕಂಡೊಡನೆ ಧ್ವನಿ ಇಳಿಸಿ, "ಊತ ಹೇಗಿದೆ?" ಎನ್ನುತ್ತಿದ್ದರು. ತಪ್ಪು ಬಸ್ಸಿಗೆ ಹತ್ತಿಸಿದರೂ ಬೈಯುತ್ತಿರಲಿಲ್ಲ. ಆಗುಂಬೆಗೆ ಹೋಗಬೇಕಾಗಿದ್ದ ಒಬ್ಬರನ್ನು ಹೊಸನಗರದ ಬಸ್ಸಿಗೆ ಹತ್ತಿಸಿದ್ದೆ. ಮರುದಿನ ಬಂದು, "ಪರವಾಗಿಲ್ಲ ಏಜೆಂಟ್ರೆ, ಹೊಸನಗರಾನೂ ನೋಡಿದ ಹಾಗಾಯ್ತು" ಎಂದು ಕೈಮುಗಿದು ಹೋದರು. ನನಗೆ ಅಳು ಬಂತು. ಬದುಕಿದ್ದವನ ಹತ್ತಿರ ಯಾರಾದರೂ ಹೀಗೆ ಮಾತಾಡುತ್ತಾರಾ?

ಒಬ್ಬ ಮೆಕ್ಯಾನಿಕ್ ಮಾತ್ರ ನನ್ನನ್ನು ಬದುಕಿಸುವ ಹಠಕ್ಕೆ ಬಿದ್ದ. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸದ ಲಾರಿಗಳನ್ನು ರಿಪೇರಿ ಮಾಡಿ ಬಂದವನು. ರಕ್ತ ತೊಳೆಯುವ ಮಿಷನ್ನಿನ ಸುದ್ದಿಯನ್ನು ನಾನು ಅವನಿಗೆ ಹೇಳಿದ್ದೇ ತಪ್ಪಾಯಿತು.

"ಅಷ್ಟೇನಾ? ಅದು ಡೀಸೆಲ್ ಫಿಲ್ಟರ್ ಕೆಲ್ಸ. ಒಳಗೆ ಕಸ ಕೂತಿದೆ. ಪೈಪ್ ಬಿಚ್ಚಿ, ತೊಳೆದು, ಗಾಳಿ ಊದಿ ಕೂರ್ಸಿದ್ರೆ ಮುಗೀತು" ಎಂದ.

"ಇದು ಬಸ್ಸಲ್ಲ ಮಾರಾಯ, ಮನುಷ್ಯನ ಮೈ."

"ನಂಬಿಕೆ ಇಲ್ವಾ ನಿಮ್ಗೆ? ಆ ಹಳೇ ಗಾಡಿದು ಫಿಲ್ಟರ್ ತೊಳೆದು ಕೂರ್ಸಿದ್ದು ಯಾರು? ನಾನೇ. ಮರುದಿನ ಅದು ಆಗುಂಬೆ ಘಾಟಿ ಹತ್ತಿ ಬಂತೋ ಇಲ್ವೋ?"

"ಬಂತು. ಆಮೇಲೆ?"

"ಆಮೇಲೆ ಎಂತ? ಮೇಲೆ ಬಂದು ನಿಂತಿತು. ಇನ್ನೂ ಅಲ್ಲೇ ಇದೆ."

ಭರಣಿ

ಉಪ್ಪಿಲ್ಲದ ಊಟವನ್ನು ನಾನು ಮಾತಿನಲ್ಲಿ ಹೇಳಲಾರೆ. ಸಾರು ಬಿಸಿನೀರಾಗುತ್ತದೆ, ಪಲ್ಯ ಹುಲ್ಲಾಗುತ್ತದೆ, ಅನ್ನ ಅನ್ನವಾಗಿಯೇ ಉಳಿಯುತ್ತದೆ, ಅದೇ ದುಃಖ. ನಾನೊಬ್ಬನೇ ಸಪ್ಪೆ ಉಣ್ಣುವುದನ್ನು ನೋಡಲಾರದೆ ಹೆಂಡತಿ ತನಗೂ ಸಪ್ಪೆಯನ್ನೇ ಮಾಡಿಕೊಂಡಳು. ಇದರಿಂದ ನನಗೆ ಸಮಾಧಾನ ಆಗಲಿ ಎಂದು ಅವಳ ಆಸೆ. ಮೊದಲು ನಾನೊಬ್ಬನೇ ಮುಖ ಹುಳಿ ಮಾಡಿಕೊಂಡು ಊಟ ಮಾಡುತ್ತಿದ್ದೆ, ಈಗ ಎದುರು ಬದುರು ಕೂತು ಇಬ್ಬರೂ ಮಾಡತೊಡಗಿದೆವು.

ಅಟ್ಟದ ಮೇಲೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಇತ್ತು. ಅದರ ಬಾಯಿಗೆ ಬಟ್ಟೆ ಕಟ್ಟಿ, ಬಟ್ಟೆಯ ಮೇಲೆ ಅವಳು ಬೆಳ್ಳಿಯ ಕುಂಕುಮದ ಬಟ್ಟಲು ಇಟ್ಟಿದ್ದಳು. ಮುಟ್ಟಿದರೆ ಬಟ್ಟಲು ಬಿದ್ದು ಸದ್ದಾಗಲಿ ಎಂದು. ಒಂದು ಮಧ್ಯಾಹ್ನ ಅವಳು ಹಿತ್ತಿಲಿಗೆ ಹೋದ ಹೊತ್ತು ನೋಡಿ ನಾನು ಏಣಿ ಹತ್ತಿದೆ. ಬಟ್ಟಲನ್ನು ಮೆಲ್ಲಗೆ ತೆಗೆದು ಜೇಬಿಗಿಟ್ಟುಕೊಂಡೆ. ಭರಣಿಗೆ ಕೈ ಹಾಕಿದೆ. ಮಿಡಿ ಹಿಡಿದ ಮೇಲೆ ಕೈ ಹೊರಗೆ ಬರಲಿಲ್ಲ. ಕೈಯೂ ಊದಿಕೊಂಡಿತ್ತಲ್ಲ! ಮಿಡಿ ಬಿಟ್ಟರೆ ಬರುತ್ತಿತ್ತೇನೋ, ಬಿಡಲು ಮನಸ್ಸಾಗಲಿಲ್ಲ.

ಅವಳು ಒಳಗೆ ಬಂದಾಗ ನಾನು ಏಣಿಯ ತುದಿಯಲ್ಲಿ, ಮೊಣಕೈಯವರೆಗೆ ಭರಣಿ ತೊಟ್ಟುಕೊಂಡು ನಿಂತಿದ್ದೆ.

"ಎಂತ ಮಾಡ್ತಿದೀರಿ ಅಲ್ಲಿ?"

"ಅಟ್ಟದಲ್ಲಿ ಇಲಿ ಸದ್ದಾಯ್ತು, ಅದಕ್ಕೇ ನೋಡ್ತಾ ಇದ್ದೆ."

"ಇಲಿ ಭರಣಿ ಒಳಗಿದೆಯಾ?"

ಆಮೇಲೆ ಅವಳು ಅತ್ತಳು. ಅವತ್ತು ಅವಳು ಅತ್ತಿದ್ದು ನನಗೆ ನಿಜವಾಗಿ ಚುಚ್ಚಿತು. ಭರಣಿ ಪಕ್ಕದ ಮನೆಗೆ ಹೋಯಿತು. ಅದರ ಹಿಂದೆಯೇ ಅಡುಗೆಮನೆಯ ಉಪ್ಪಿನ ಮರಿಗೆಯೂ ಹೋಯಿತು. ನಮ್ಮ ಮನೆಯಲ್ಲಿ ಅವತ್ತಿನಿಂದ ಒಂದು ಹರಳು ಉಪ್ಪಿಲ್ಲ. ಈ ಸಂಗತಿ ಮುಂದೆ ಎಷ್ಟು ದೊಡ್ಡ ಅನಾಹುತ ಮಾಡಿತು ಎಂದು ಹೇಳುವವನಿದ್ದೇನೆ. ಆ ಕ್ಷಣಕ್ಕೆ ಮಾತ್ರ ಅವಳು ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ: "ಇನ್ನು ಆ ಬಟ್ಟಲು ಎಲ್ಲಿ? ಅದನ್ನೂ ತಿಂದ್ರಾ?"

ಸೋಲುವ ಹಠ

ಈಗ ಜವಳಿ ಅಂಗಡಿಯ ಸಾಹುಕಾರರ ಬಗ್ಗೆ ಹೇಳಬೇಕು. ನನ್ನ ಆಪ್ತ ವೈರಿ. ಸಂಜೆ ಕೊನೆಯ ಬಸ್ಸು ಹೊರಟ ಮೇಲೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ನಾವು ಇಸ್ಪೀಟು ಆಡುತ್ತಿದ್ದೆವು. ಕಾಸಿಗಲ್ಲ, ಮಾನಕ್ಕೆ. ಹಿಂದೆ ಒಂದು ದೀಪಾವಳಿಯ ಸಂಜೆ ನಾನು ಗೆಲ್ಲುವ ಕೊನೆಯ ಕೈಯಲ್ಲಿ, ಎಲ್ಲಿಯೂ ಇರದಿದ್ದ ಗುಲಾಮನ ಎಲೆ ಅವರ ಕೈಗೆ ಬಂದು ನಾನು ಸೋತಿದ್ದೆ. ಅದು ಅವರ ತೊಡೆಯ ಕೆಳಗಿತ್ತು ಎಂದು ನಾನು, ಕೈಯಲ್ಲೇ ಇತ್ತು ಎಂದು ಅವರು. ಈ ಒಂದು ಗುಲಾಮನ ಮೇಲೆ ನಾವು ಎಷ್ಟೋ ವರ್ಷ ಜಗಳ ಆಡಿದ್ದೆವು. ಸಂಜೆ ಕೂತೊಡನೆ ಮೊದಲು ಅದೇ ಜಗಳ, ಆಮೇಲೆ ಆಟ. ಅದಿಲ್ಲದೆ ಎಲೆ ಹಂಚಿದರೆ ಕೈಗೆ ಹಿತ ಆಗುತ್ತಿರಲಿಲ್ಲ.

ಕಾಯಿಲೆಯಾದ ಮೇಲೆ ಮೊದಲ ಸಲ ವಾಚನಾಲಯಕ್ಕೆ ಹೋದಾಗ ಅವರು ತಮ್ಮ ದಿಂಬನ್ನು ನನಗೆ ಕೊಟ್ಟರು. ನನಗೆ ಆಗಲೇ ಅನುಮಾನ ಬಂತು.

"ಆ ದೀಪಾವಳಿ ಗುಲಾಮ ತೊಡೆ ಕೆಳಗೇ ಇತ್ತು" ಎಂದು ನಾನು ಎಂದಿನಂತೆ ಶುರು ಮಾಡಿದೆ.

"ಇರ್ಬಹುದು ಏಜೆಂಟ್ರೆ. ನೀವು ಹೇಳಿದ ಮೇಲೆ ಸರಿ."

"ಇರ್ಬಹುದು ಅಂದ್ರೆ? ನೀವು ಇಲ್ಲ ಅನ್ಬೇಕು!"

"ಇಲ್ಲ ಅಂದ್ರೆ ನಿಮ್ಗೆ ಬೇಜಾರಾಗುತ್ತೆ. ಡಾಕ್ಟ್ರು ಗೆಲುವಾಗಿ ಇಡ್ಬೇಕು ಅಂದಿದಾರಂತಲ್ಲ."

ಆಟ ಶುರುವಾಯಿತು. ಅವರು ಬೇಕೆಂದೇ ಸೋತರು. ಮರುದಿನವೂ ಸೋತರು. ದೊಡ್ಡ ಎಲೆಯನ್ನು ಕೈಯಲ್ಲಿ ಮುಚ್ಚಿಟ್ಟು ಚಿಕ್ಕದನ್ನು ಇಳಿಸಿ, ನಾನು ಗೆದ್ದಾಗ ಮಕ್ಕಳಿಗೆ ತಟ್ಟುವಂತೆ ಚಪ್ಪಾಳೆ ಬೇರೆ. ಒಂದು ಸಂಜೆ ನಾನೇ ರೇಗಿ, ಸೋಲಲೇಬೇಕೆಂದು ಹಠ ಹಿಡಿದು ತಲೆಕೆಟ್ಟ ಎಲೆಗಳನ್ನೆಲ್ಲ ಇಳಿಸಿದೆ. ಅವರು ಇನ್ನೂ ಕೆಟ್ಟ ಎಲೆ ಇಳಿಸಿದರು. ಇಬ್ಬರೂ ಸೋಲಲು ಬೆವರು ಸುರಿಸಿದೆವು. ಕೊನೆಗೆ ಗೆದ್ದವನು ನಾನೇ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಉಪ್ಪು ಬಿಟ್ಟಿದ್ದೆ, ನೀರು ಬಿಟ್ಟಿದ್ದೆ. ಅವು ಎರಡೂ ಹೋದರೂ ಹೇಗೋ ಬದುಕಬಹುದು. ಆದರೆ ನನ್ನ ಜೊತೆ ಮನಸ್ಸಿಟ್ಟು ಜಗಳ ಆಡುವವನೇ ಇಲ್ಲದೆ ಹೋದರೆ ನಾನು ಯಾರಿಗಾಗಿ ಇರಬೇಕು? ಈ ಮನುಷ್ಯ ಇನ್ನೊಂದು ಸಲ ನನ್ನನ್ನು ಬಾಯ್ತುಂಬ ಬೈದರೆ ಸಾಕು, ನನ್ನ ಕಾಯಿಲೆ ಅರ್ಧ ಇಳಿಯುತ್ತದೆ ಎನ್ನಿಸಿತು. ಮುಂದಿನ ಸಲ ಸಾಗರಕ್ಕೆ ಹೋದಾಗ ಡಾಕ್ಟರಿಗೆ ಹೇಳಿಯೂ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಜಗಳಾನ? ಅದರಲ್ಲಿ ಉಪ್ಪಿಲ್ಲ. ಮಾಡ್ಬಹುದು" ಎಂದರು.

ಎಲೆಯ ಮೇಲಿನ ಕಣ್ಣು

ಆ ಸಲ ಡಾಕ್ಟರು ನನ್ನನ್ನು ಎರಡು ದಿನ ಸಾಗರದಲ್ಲೇ ಇರಿಸಿಕೊಂಡರು. ಮನೆಯಲ್ಲಿ ಹೆಂಡತಿ ಒಬ್ಬಳೇ. ಎರಡನೇ ದಿನ ಮಧ್ಯಾಹ್ನ ಅವಳ ತವರಿನ ಕಡೆಯ ದೂರದ ನೆಂಟರೊಬ್ಬರು ನನ್ನನ್ನು ನೋಡಲೆಂದು ತೀರ್ಥಹಳ್ಳಿಯಿಂದ ಬಂದರು.

ಈ ನೆಂಟರ ಮರ್ಯಾದೆ ಮೂರು ತಾಲೂಕಿಗೆ ಹೆಸರಾಗಿತ್ತು. ಹೆಂಗಸರ ಮುಖವನ್ನು ತಲೆಯೆತ್ತಿ ನೋಡುವವರಲ್ಲ, ಮನೆಯವರ ಸಂಗತಿಯನ್ನು ಬಾಯಿಬಿಟ್ಟು ಕೇಳುವವರಲ್ಲ. ಹೆಂಡತಿ "ಅವ್ರು ಇಲ್ಲ" ಎಂದಷ್ಟೇ ಹೇಳಿ ಊಟಕ್ಕೆ ಎಬ್ಬಿಸಿದಳು. ಅವರು ಕೂತರು, ಕಣ್ಣನ್ನು ಎಲೆಯ ಮೇಲೆ ನೆಟ್ಟರು. ಮೊದಲ ತುತ್ತು ಬಾಯಿಗಿಟ್ಟರು. ಉಪ್ಪಿಲ್ಲ. ಪಲ್ಯ ಮುಟ್ಟಿದರು, ಉಪ್ಪಿಲ್ಲ. ಎಲೆಯ ತುದಿ ನೋಡಿದರು, ಅಲ್ಲಿಯೂ ಉಪ್ಪು ಬಡಿಸಿಲ್ಲ, ಉಪ್ಪಿನಕಾಯಿಯೂ ಇಲ್ಲ. ನಮ್ಮ ಕಡೆ ಉಪ್ಪಿಲ್ಲದ ಅಡುಗೆ ಮಾಡುವುದು ಸಾವಾದ ಮನೆಯಲ್ಲಿ, ಕ್ರಿಯೆ ಮುಗಿಯುವವರೆಗೆ.

ನನ್ನ ಹೆಂಡತಿಗೋ, ಮನೆಯಲ್ಲಿ ಉಪ್ಪೇ ಇಲ್ಲ ಎಂದು ನೆಂಟರ ಮುಂದೆ ಹೇಳಲು ನಾಚಿಕೆ. ಅವರು ಕೇಳಿದರೆ ಪಕ್ಕದ ಮನೆಯಿಂದ ತಂದರಾಯಿತು ಎಂದು ಕಾದಳು. ಅವರು ಕೇಳಲಿಲ್ಲ. ಇವಳು ಹೇಳಲಿಲ್ಲ. ಅವರು ಒಂದು ಸಲ ತಲೆಯೆತ್ತಿದ್ದರೆ ಅವಳ ಹಣೆಯ ಮೇಲೆ ಕಾಸಿನಗಲದ ಕುಂಕುಮ ಕಾಣುತ್ತಿತ್ತು, ನಾನು ಬದುಕಿಕೊಳ್ಳುತ್ತಿದ್ದೆ. ಎತ್ತಲಿಲ್ಲ. ಕೈ ತೊಳೆದು, ಸಾವಿನ ಮನೆಯಿಂದ ಹೊರಡುವವರು "ಬರ್ತೀನಿ" ಎನ್ನಬಾರದಲ್ಲ, ಹಾಗಾಗಿ ಒಂದು ಮಾತೂ ಆಡದೆ ಇಳಿದು ಹೋದರು.

"ಅಡುಗೆ ಸೇರ್ಲಿಲ್ಲ ಅಂತ ಸಿಟ್ಟು ಮಾಡ್ಕೊಂಡು ಹೋದ್ರು ಅಂದ್ಕೊಂಡೆ" ಎಂದು ಆಮೇಲೆ ಹೆಂಡತಿ ನನಗೆ ಹೇಳಿದಳು.

ಅವರು ಸಿಕ್ಕ ಹೊಸನಗರದ ಬಸ್ಸು ಹತ್ತಿ ಕಂಡಕ್ಟರಿಗೆ ಹೇಳಿದರು. ಕಂಡಕ್ಟರು ಹೊಸನಗರದಲ್ಲಿ ಹೇಳಿದ. ಅಲ್ಲಿಂದ ಹಿಂದಿರುಗಿದ ಬಸ್ಸಿನಲ್ಲಿ ಸುದ್ದಿ ಮೈಕೈ ತುಂಬಿಕೊಂಡು ರಿಪ್ಪನ್‌ಪೇಟೆಗೆ ಬಂತು. ಸಾಗರದ ಆಸ್ಪತ್ರೆಯಲ್ಲಿ ಹೋದರಂತೆ, ಕೊನೆಯಲ್ಲಿ ಒಂದು ಚೂರು ಉಪ್ಪಿನಕಾಯಿ ಕೇಳಿದರಂತೆ, ಅದೂ ಸಿಗಲಿಲ್ಲವಂತೆ. ನನ್ನ ಮನೆ ಪೇಟೆಯಿಂದ ಒಂದು ಮೈಲಿ. ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಸಾವಿನ ಮನೆಗೆ ಹೋದರೆ ಬಂದು ತಲೆಗೆ ಸ್ನಾನ ಮಾಡಬೇಕು. ಸಂಜೆಯ ಚಳಿಯಲ್ಲಿ ಯಾಕೆ, ಮೊದಲು ಸಂತಾಪ ಸಭೆ ಮುಗಿಸಿ ಆಮೇಲೆ ಹೋಗಿ, ಒಟ್ಟಿಗೇ ಒಂದೇ ಸ್ನಾನ ಮಾಡೋಣ ಎಂದು ಊರಿನ ಹಿರಿಯರು ತೀರ್ಮಾನಿಸಿದರು.

ಎರಡು ನಿಮಿಷ ಮೌನ

ಅದೇ ದಿನ ಸಾಗರದಿಂದ ಸಂಜೆಯ ಬಸ್ಸಿನಲ್ಲಿ ಬಂದು ನಾನು ಇಳಿದಾಗ ಸ್ಟ್ಯಾಂಡು ಖಾಲಿ. ಅಂಗಡಿಗಳೆಲ್ಲ ಅರ್ಧ ಬಾಗಿಲು ಹಾಕಿವೆ. ಜವಳಿ ಅಂಗಡಿಯಂತೂ ಪೂರ್ತಿ ಮುಚ್ಚಿದೆ. ಅಯ್ಯೋ, ಯಾರೋ ದೊಡ್ಡವರು ಹೋಗಿಬಿಟ್ಟರು ಎಂದುಕೊಂಡೆ. ಊರಿನವನಾಗಿ ನಾನು ಹೋಗದಿದ್ದರೆ ಹೇಗೆ ಎಂದು ನೇರ ವಾಚನಾಲಯಕ್ಕೆ ನಡೆದೆ. ಚಪ್ಪಲಿ ಹೊರಗೆ ಬಿಟ್ಟು, ಮುಖವನ್ನು ದುಃಖಕ್ಕೆ ಹೊಂದಿಸಿಕೊಂಡು, ಹಿಂದಿನ ಕಂಬದ ಪಕ್ಕ ಕೈಕಟ್ಟಿ ನಿಂತೆ. ಎಲ್ಲರ ಮುಖವೂ ವೇದಿಕೆಯ ಕಡೆಗೆ ಇತ್ತು.

ಹೆಡ್‌ಮಾಸ್ಟರು ಮಾತಾಡುತ್ತಿದ್ದರು. "ಅವರದು ಬೆಣ್ಣೆಯಂಥ ಮನಸ್ಸು. ಯಾರೊಡನೆಯೂ ಒಂದು ದಿನವೂ ಗಟ್ಟಿಯಾಗಿ ಮಾತಾಡಿದವರಲ್ಲ. ಗುಟ್ಟಾಗಿ ಅವರು ಮಾಡಿದ ಸಹಾಯಗಳಿಗೆ ಲೆಕ್ಕವಿಲ್ಲ. ಎಷ್ಟು ಗುಟ್ಟಾಗಿ ಎಂದರೆ, ಅವರಿಗೇ ನೆನಪಿರಲಿಲ್ಲ."

ನಮ್ಮೂರಿನಲ್ಲಿ ಇಷ್ಟು ಒಳ್ಳೆಯ ಮನುಷ್ಯ ಯಾರಿದ್ದ ಎಂದು ನಾನು ತಲೆ ಕೆರೆದುಕೊಂಡೆ. ಯಾರೂ ಹೊಳೆಯಲಿಲ್ಲ. ಆದರೂ ಕಣ್ಣು ತೇವವಾಯಿತು. ಬದುಕಿದ್ದಾಗಲೇ ಅವರ ಪರಿಚಯ ಮಾಡಿಕೊಳ್ಳಬೇಕಿತ್ತು ಎನ್ನಿಸಿತು.

ಆಮೇಲೆ ಸಾಹುಕಾರರು ಎದ್ದು ನಿಂತರು. ಅವರ ಕಣ್ಣು ಕೆಂಪಾಗಿತ್ತು. ಮೇಜು ಹಿಡಿದುಕೊಂಡು ನಿಂತರು.

"ನಂಗೆ ಭಾಷಣ ಬರಲ್ಲ. ದಿನಾ ಸಂಜೆ ನಾವಿಬ್ರೂ ಇದೇ ಹಿಂದಿನ ಕೋಣೇಲಿ ಇಸ್ಪೀಟು ಆಡ್ತಿದ್ವಿ. ಇನ್ನು ನಾನು ಯಾರ ಜೊತೆ ಆಡ್ಲಿ? ಅವ್ರು ಇರುವಾಗ ಒಂದು ಮಾತು ಹೇಳ್ಬೇಕಿತ್ತು, ಹೇಳ್ಲಿಲ್ಲ. ಈಗ ಎಲ್ಲರ ಮುಂದೆ ಹೇಳ್ತೀನಿ, ಅವರ ಆತ್ಮಕ್ಕೆ ಶಾಂತಿ ಸಿಗ್ಲಿ. ಆ ದೀಪಾವಳಿ ದಿನ ಗುಲಾಮನ್ನ ನಾನು ತೊಡೆ ಕೆಳಗೇ ಇಟ್ಕೊಂಡಿದ್ದೆ."

ಸತ್ತವನು ನಾನೇ ಎಂದು ನನಗೆ ಆಗ ಗೊತ್ತಾಯಿತು. ಆದರೆ ಅದು ಮುಖ್ಯ ಎನ್ನಿಸಲಿಲ್ಲ.

"ನಾನು ಅವತ್ತೇ ಹೇಳಿದ್ನಲ್ಲ!" ಎಂದು ಕಂಬ ಬಿಟ್ಟು ಮುಂದಕ್ಕೆ ನುಗ್ಗಿದೆ.

ಸಭೆ ಹಿಂದಿರುಗಿ ನೋಡಿತು. ಮುಂದಿನ ಸಾಲಿನ ಇಬ್ಬರು ಬೆಂಚಿನಿಂದ ಜಾರಿದರು. ಮೆಕ್ಯಾನಿಕ್ ಒಬ್ಬನೇ, "ನಾನು ಹೇಳ್ಲಿಲ್ವಾ, ಫಿಲ್ಟರ್ ಅಷ್ಟೇ ಅಂತ" ಎಂದು ಪಕ್ಕದವನಿಗೆ ಹೇಳುತ್ತಿದ್ದ. ಸಾಹುಕಾರರು ನನ್ನನ್ನು ನೋಡಿದರು. ಅವರ ಮುಖದ ಮೇಲೆ ಮೊದಲು ಹೆದರಿಕೆ ಬಂತು, ಅದರ ಹಿಂದೆಯೇ ಎಲ್ಲಿಲ್ಲದ ಖುಷಿ ಬಂತು. ಓಡಿಬಂದು ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದರು. ಬದುಕಿದ್ದೇನೆ ಎಂದು ಖಾತ್ರಿಯಾದ ಮೇಲೆ, ತಾವು ಈಗಷ್ಟೇ ಎಂತ ಹೇಳಿದೆವು ಎಂಬುದು ಅವರಿಗೆ ನೆನಪಾಯಿತು. ಮುಖ ಕೆಂಪೇರಿತು.

"ಬದುಕಿದ್ದೋರು ಬಾಗಿಲಲ್ಲೇ ಹೇಳೋಕೆ ಎಂತ ಆಗಿತ್ತು ನಿಮ್ಗೆ? ಕಳ್ಳರ ಹಾಗೆ ಕಂಬದ ಮರೇಲಿ ನಿಂತು ನನ್ನ ಬಾಯಿ ಬಿಡಿಸ್ತೀರಾ? ನಾನು ಹೇಳಿದ್ದು ಸತ್ತವರ ಬಗ್ಗೆ! ಬದುಕಿದ್ದವರಿಗೆ ಅದು ಲಾಗೂ ಇಲ್ಲ. ಗುಲಾಮ ನನ್ನ ಕೈಯಲ್ಲೇ ಇತ್ತು!"

"ತೊಡೆ ಕೆಳಗಿತ್ತು! ಊರಿಗೆ ಊರೇ ಸಾಕ್ಷಿ ಇದೆ ಈಗ!"

"ಸುಳ್ಳುಗಾರ! ಸೋತು ಸೋತು ಹೊಟ್ಟೆಕಿಚ್ಚು ನಿಮ್ಗೆ! ಇಷ್ಟು ದಿನ ಪಾಪ ಅಂತ ನಾನೇ ಗೆಲ್ಲಿಸ್ತಿದ್ದೆ. ನಾಳೆ ಬನ್ನಿ, ತೋರಿಸ್ತೀನಿ! ಹಾಳಾಗಿ ಹೋಗಿ ಎಲ್ಲಾದ್ರೂ!"

ಹಾಳಾಗಿ ಹೋಗಿ! ಎಷ್ಟು ತಿಂಗಳಾಗಿತ್ತು ಆ ಮಾತು ಕೇಳಿ! ನನಗೆ ಆ ಕ್ಷಣ ಆದ ಸಂತೋಷವನ್ನು ಯಾವ ಮಿಷನ್ನೂ ಯಾವ ದೇಶದಲ್ಲಿಯೂ ಯಾರಿಗೂ ಕೊಟ್ಟಿರಲಾರದು. ಮೈಯೊಳಗಿನ ರಕ್ತವನ್ನೆಲ್ಲ ಯಾರೋ ತೊಳೆದು ವಾಪಸ್ಸು ಬಿಟ್ಟ ಹಾಗಾಯಿತು. ನಾನೂ ಪಂಚೆ ಮೇಲಕ್ಕೆ ಕಟ್ಟಿಕೊಂಡು, ತಿಂಗಳುಗಟ್ಟಲೆ ಕೂಡಿಟ್ಟಿದ್ದ ಬೈಗುಳಗಳನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆದೆ. ಅವರೂ ಬಿಡಲಿಲ್ಲ. ಇಬ್ಬರ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಸಭೆಯಲ್ಲಿದ್ದ ಅರ್ಧ ಜನ ನನ್ನ ಕಡೆಗೆ, ಅರ್ಧ ಜನ ಅವರ ಕಡೆಗೆ ಸೇರಿ ಗದ್ದಲವೋ ಗದ್ದಲ.

ಅಷ್ಟರಲ್ಲಿ ಹಿತ್ತಾಳೆಯ ಗಂಟೆ ಢಣಢಣ ಎಂದು ಬಡಿದುಕೊಂಡಿತು. ಹೆಡ್‌ಮಾಸ್ಟರು ಎದ್ದು ನಿಂತಿದ್ದರು. ಸಿಟ್ಟಿನಿಂದ ಅವರ ಕನ್ನಡಕ ಮೂಗಿನ ತುದಿಗೆ ಬಂದಿತ್ತು.

"ಸಭೆಯ ಶಿಸ್ತು ಅಂತ ಒಂದಿದೆ! ಇನ್ನೂ ಎರಡು ನಿಮಿಷ ಮೌನಾಚರಣೆ ಬಾಕಿ ಇದೆ. ಅಲ್ಲಿಯವರೆಗೆ ಮೃತರು ದಯವಿಟ್ಟು ಬಾಯಿ ಮುಚ್ಕೊಂಡು ಕೂತ್ಕೋಬೇಕು!"